ರೋಗದ ಕುರುಹುಗಳ ಪ್ರಮಾಣ ಹೋಲಿಕೆ

ಒಂದು ಕಾಯಿಲೆಯ ಲಕ್ಷಣವೋ ಚಿಹ್ನೆಯೋ ಪರೀಕ್ಷಾ ಫಲವೋ ಬೇರೆ ಬೇರೆ ಜನರ ಗುಂಪುಗಳಲ್ಲಿ ನೂರಕ್ಕೆ, ಸಾವಿರಕ್ಕೆ ಅಥವಾ ಲಕ್ಷಕ್ಕೆ ಎಷ್ಟು ಮಂದಿಯಲ್ಲಿ ಕಾಣುತ್ತದೆ ಎಂದು ಎಣಿಸಿ, ಆ ಪ್ರಮಾಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ವಿಧಾನವನ್ನು ರೋಗದ ಕುರುಹುಗಳ ಪ್ರಮಾಣ ಹೋಲಿಕೆ ಎನ್ನುತ್ತಾರೆ. ಯಾವ ಕುರುಹನ್ನು ನಂಬಿ ರೋಗವನ್ನು ಅನುಮಾನಿಸಬೇಕು, ಯಾರನ್ನು ಮೊದಲು ಪರೀಕ್ಷೆಗೆ ಕಳಿಸಬೇಕು, ರೋಗಕ್ಕೆ ಕಾರಣವೇನಿರಬಹುದು ಎಂಬ ಪ್ರಶ್ನೆಗಳಿಗೆ ವೈದ್ಯಶಾಸ್ತ್ರ ಉತ್ತರ ಹುಡುಕುವುದು ಹೆಚ್ಚಾಗಿ ಈ ದಾರಿಯಲ್ಲೇ. ಕರ್ನಾಟಕದಲ್ಲಿ ಈ ವಿಧಾನಕ್ಕೆ ದೊಡ್ಡ ನೆಲೆಯಾದದ್ದು ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯ ಸಂಸ್ಥೆ. 1960ರ ದಶಕದಲ್ಲಿ ಈ ಸಂಸ್ಥೆಯವರು ತುಮಕೂರು ಮತ್ತು ಬೆಂಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ ನಡೆಸಿದ ಎಣಿಕೆಗಳು ದೇಶದ ಕ್ಷಯ ನಿಯಂತ್ರಣ ನೀತಿಗೆ ತಳಪಾಯವಾದವು.

ಪರಿಭಾಷೆ

ರೋಗಿ ತಾನೇ ಹೇಳಿಕೊಳ್ಳುವ ತೊಂದರೆ ಲಕ್ಷಣ. ಕೆಮ್ಮು, ಎದೆನೋವು, ಸಂಜೆಯ ಜ್ವರ, ಕಫದಲ್ಲಿ ರಕ್ತ ಈ ಬಗೆಯವು. ವೈದ್ಯರು ನೋಡಿ, ಮುಟ್ಟಿ, ಸ್ಟೆತಾಸ್ಕೋಪಿನಲ್ಲಿ ಕೇಳಿ ಗುರುತಿಸುವುದು ಚಿಹ್ನೆ. ಕಫ, ರಕ್ತ, ಎಕ್ಸ್-ರೇ ಮೊದಲಾದವುಗಳಿಂದ ತಿಳಿಯುವುದು ಪರೀಕ್ಷಾ ಫಲ. ಈ ಲೇಖನದಲ್ಲಿ ಕುರುಹು ಎಂಬ ಮಾತು ಈ ಮೂರನ್ನೂ ಒಳಗೊಳ್ಳುತ್ತದೆ.

ಒಂದು ಹೊತ್ತಿನಲ್ಲಿ ಜನಸಮೂಹದಲ್ಲಿ ಇರುವ ಹಳೆಯ ಮತ್ತು ಹೊಸ ರೋಗಿಗಳನ್ನೆಲ್ಲ ಸೇರಿಸಿದ ಪ್ರಮಾಣ ಇರುವಿಕೆ ದರ. ಒಂದು ಅವಧಿಯಲ್ಲಿ, ಸಾಮಾನ್ಯವಾಗಿ ಒಂದು ವರ್ಷದಲ್ಲಿ, ಹೊಸದಾಗಿ ಕಾಯಿಲೆ ಬಿದ್ದವರ ಪ್ರಮಾಣ ಹೊಸ ಪ್ರಕರಣ ದರ. ಬಹುಕಾಲ ಉಳಿಯುವ ಕಾಯಿಲೆಯಲ್ಲಿ ಮೊದಲನೆಯದು ದೊಡ್ಡದಾಗಿಯೂ ಎರಡನೆಯದು ಚಿಕ್ಕದಾಗಿಯೂ ಇರಬಹುದು. ಬೇಗ ವಾಸಿಯಾಗುವ ಅಥವಾ ಬೇಗ ಕೊಲ್ಲುವ ಕಾಯಿಲೆಯಲ್ಲಿ ಇದು ತಿರುವುಮುರುವಾಗುತ್ತದೆ. ಹಾಗಾಗಿ ಒಂದು ಗುಂಪಿನ ಇರುವಿಕೆ ದರವನ್ನು ಇನ್ನೊಂದು ಗುಂಪಿನ ಹೊಸ ಪ್ರಕರಣ ದರದ ಜೊತೆ ಹೋಲಿಸುವಂತಿಲ್ಲ. ಎಣಿಕೆಗೆ ಒಳಗಾದ ಒಟ್ಟು ಜನರ ಸಂಖ್ಯೆ ಛೇದ. ರೋಗವಿಲ್ಲದವರಿಂದ, ಅಥವಾ ಬೇರೆ ಸ್ಥಿತಿಯಲ್ಲಿರುವವರಿಂದ, ಹೋಲಿಸಿ ನೋಡಲೆಂದೇ ಆರಿಸಿಕೊಂಡ ಗುಂಪು ಹೋಲಿಕೆ ಗುಂಪು.

ಹುಟ್ಟು

ಎಣಿಸಿ ನೋಡುವ ಪದ್ಧತಿಯನ್ನು ವೈದ್ಯಕೀಯಕ್ಕೆ ಗಟ್ಟಿಯಾಗಿ ತಂದವರು ಪ್ಯಾರಿಸ್ಸಿನ ವೈದ್ಯ ಪಿಯೆರ್ ಲೂಯಿ. ನ್ಯುಮೋನಿಯಾಕ್ಕೆ ರಕ್ತ ತೆಗೆಯುವುದು ಸಾವಿರಾರು ವರ್ಷಗಳಿಂದ ನಡೆದು ಬಂದ ಚಿಕಿತ್ಸೆಯಾಗಿತ್ತು. ಲೂಯಿ 77 ರೋಗಿಗಳನ್ನು ಎರಡು ಗುಂಪು ಮಾಡಿ 1835ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಾಯಿಲೆಯ ಮೊದಲ ನಾಲ್ಕು ದಿನಗಳಲ್ಲೇ ರಕ್ತ ತೆಗೆಸಿಕೊಂಡ 41 ಮಂದಿಯಲ್ಲಿ 18 ಮಂದಿ ಸತ್ತಿದ್ದರು. ತಡವಾಗಿ ತೆಗೆಸಿಕೊಂಡ 36 ಮಂದಿಯಲ್ಲಿ 9 ಮಂದಿ. ಶೇ 44 ಮತ್ತು ಶೇ 25. ಬೇಗ ರಕ್ತ ತೆಗೆದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಲ್ಲಿಂದಾಚೆಗೆ ಸಡಿಲಗೊಳ್ಳತೊಡಗಿತು. 1854ರ ಲಂಡನ್ನಿನ ಕಾಲರಾದಲ್ಲಿ ಜಾನ್ ಸ್ನೋ ಎರಡು ನೀರಿನ ಕಂಪನಿಗಳ ಗ್ರಾಹಕರನ್ನು ಹೋಲಿಸಿದರು. ಒಂದು ಕಂಪನಿಯ ನೀರು ಬರುವ ಮನೆಗಳಲ್ಲಿ ಹತ್ತು ಸಾವಿರ ಮನೆಗೆ 315 ಸಾವು, ಇನ್ನೊಂದರಲ್ಲಿ 37. ಕಾಲರಾ ಕ್ರಿಮಿಯ ಬಗ್ಗೆ ವೈದ್ಯರಿಗೆ ತಿಳಿವಳಿಕೆ ಮೂಡುವ ಮೊದಲೇ, ತಪ್ಪು ನೀರಿನದು ಎಂದು ಈ ಹೋಲಿಕೆ ತೋರಿಸಿಕೊಟ್ಟಿತು. ಎರಡು ಪ್ರಮಾಣಗಳ ನಡುವಿನ ಅಂತರ ಆಕಸ್ಮಿಕವೋ ಅಲ್ಲವೋ ಎಂದು ಅಳೆಯುವ ಕಾಯ್-ವರ್ಗ ಪರೀಕ್ಷೆಯನ್ನು ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟರು.

ಭಾರತದಲ್ಲಿ ಕ್ಷಯದ ಪ್ರಮಾಣವನ್ನು ದೊಡ್ಡ ಮಟ್ಟದಲ್ಲಿ ಅಳೆದ ಮೊದಲ ಪ್ರಯತ್ನ 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ. ಕ್ಷಯ ಪಟ್ಟಣದ ಕಾಯಿಲೆ, ಗಿರಣಿ ಮತ್ತು ಗಲ್ಲಿಗಳ ಕಾಯಿಲೆ ಎಂಬ ಗ್ರಹಿಕೆ ಆಗ ಬಲವಾಗಿತ್ತು. ಸಮೀಕ್ಷೆಯಲ್ಲಿ ಹಳ್ಳಿಯ ದರವೂ ಪಟ್ಟಣದ ದರವೂ ಹೆಚ್ಚುಕಡಿಮೆ ಒಂದೇ ಆಗಿ ಕಂಡವು. ಕಫದಲ್ಲಿ ಕ್ರಿಮಿ ಇರುವವರು ಸಾವಿರಕ್ಕೆ ಸುಮಾರು 4. ದೇಶದ ಬಹುಪಾಲು ಜನ ಹಳ್ಳಿಗಳಲ್ಲಿದ್ದುದರಿಂದ ಬಹುಪಾಲು ಕ್ಷಯರೋಗಿಗಳೂ ಅಲ್ಲೇ ಇದ್ದರು, ಆಗಿನ ಕ್ಷಯದ ಆಸ್ಪತ್ರೆಗಳಾದ ಸ್ಯಾನಟೋರಿಯಂಗಳಿಂದ ದೂರದಲ್ಲಿ.

ಬಳ್ಳಾರಿ ರಸ್ತೆಯ ಸಂಸ್ಥೆ

ಈ ಸಮೀಕ್ಷೆ ಎತ್ತಿದ ಪ್ರಶ್ನೆಗಳಿಗೆ ಉತ್ತರ ಹುಡುಕಲು ಕೇಂದ್ರ ಸರ್ಕಾರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ರಾಷ್ಟ್ರೀಯ ಕ್ಷಯ ಸಂಸ್ಥೆಯನ್ನು ಸ್ಥಾಪಿಸಿತು. ನಗರದಿಂದ ಮೇಖ್ರಿ ವೃತ್ತ, ಹೆಬ್ಬಾಳಗಳ ಕಡೆಗೆ ಸಾಗುವ ಬಳ್ಳಾರಿ ರಸ್ತೆಯ ‘ಅವಲಾನ್’ ಬಂಗಲೆ ಅದರ ನೆಲೆ. ಪ್ರಧಾನಿ ಜವಾಹರಲಾಲ್ ನೆಹರೂ 1960ರ ಸೆಪ್ಟೆಂಬರ್ 16ರಂದು ಅದನ್ನು ಉದ್ಘಾಟಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಡೆನ್ಮಾರ್ಕಿನ ಹಾಫ್ಡನ್ ಮಾಹ್ಲರ್ ಆರಂಭದ ದಿನಗಳಲ್ಲಿ ಇಲ್ಲಿ ದುಡಿದವರು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜವಿಜ್ಞಾನಿಗಳು, ಪ್ರಯೋಗಾಲಯದವರು ಒಂದೇ ಸೂರಿನಡಿ ಕೆಲಸ ಮಾಡಿದ್ದು ಈ ಸಂಸ್ಥೆಯ ವಿಶೇಷ. ಅದರ ಅಧ್ಯಯನಗಳ ಗಟ್ಟಿತನಕ್ಕೆ ಈ ಕೂಡುಗೆಲಸವೇ ಮುಖ್ಯ ಕಾರಣ.

ತುಮಕೂರಿನ ಲಕ್ಷಣ ಅಧ್ಯಯನ

1960ರ ದಶಕದ ಆರಂಭದಲ್ಲಿ ಹಳ್ಳಿಯ ರೋಗಿಗಳನ್ನು ಪತ್ತೆಹಚ್ಚುವುದು ಹೇಗೆ ಎಂಬ ಪ್ರಶ್ನೆ ಕ್ಷಯ ತಜ್ಞರನ್ನು ಕಾಡುತ್ತಿತ್ತು. ಹಳ್ಳಿಯ ಜನಕ್ಕೆ ತಮ್ಮ ಕಾಯಿಲೆಯ ಅರಿವೇ ಇಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್-ರೇ ವ್ಯಾನುಗಳನ್ನು ಊರೂರಿಗೆ ಒಯ್ದು ಎಲ್ಲರ ಎದೆಯ ಚಿತ್ರ ತೆಗೆಯಬೇಕು ಎಂಬುದು ಪ್ರಚಲಿತ ಅಭಿಪ್ರಾಯ. ಯುರೋಪಿನಲ್ಲಿ ನಡೆದ ದಾರಿಯೂ ಅದೇ. ಆದರೆ ಭಾರತದಷ್ಟು ದೊಡ್ಡ ದೇಶಕ್ಕೆ ಅದರ ಖರ್ಚು ಎಟುಕುವಂತಿರಲಿಲ್ಲ.

ರಾಷ್ಟ್ರೀಯ ಕ್ಷಯ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಈ ಅಭಿಪ್ರಾಯವನ್ನು ಎಣಿಕೆಯ ಮುಂದೆ ನಿಲ್ಲಿಸಿದರು. ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ಮನೆಮನೆಯ ಎಕ್ಸ್-ರೇ ಮತ್ತು ಕಫ ಪರೀಕ್ಷೆಯ ಸಮೀಕ್ಷೆ ನಡೆದಿತ್ತು. ಅದರಲ್ಲಿ ಸಿಕ್ಕ ವಯಸ್ಕರನ್ನು ಅವರು ಗುಂಪುಗಳಾಗಿ ವಿಂಗಡಿಸಿದರು: ಕಫದಲ್ಲಿ ಕ್ರಿಮಿ ಕಂಡವರು, ಎಕ್ಸ್-ರೇಯಲ್ಲಿ ಸಕ್ರಿಯ ರೋಗವಿದ್ದಂತೆ ಕಂಡರೂ ಕಫದಲ್ಲಿ ಕ್ರಿಮಿ ಸಿಗದವರು, ಎಕ್ಸ್-ರೇಯಲ್ಲಿ ಹಳೆಯ, ಆರಿದ ಗುರುತು ಮಾತ್ರ ಇರುವವರು, ಮತ್ತು ಎದೆ ಶುದ್ಧವಾಗಿದ್ದ ಹೋಲಿಕೆ ಗುಂಪಿನವರು. ಆಮೇಲೆ ಎಲ್ಲರ ಮನೆಗೂ ಹೋಗಿ ಒಂದೇ ಬಗೆಯಲ್ಲಿ ಮಾತನಾಡಿಸಿ, ಕೆಮ್ಮು, ಜ್ವರ, ಎದೆನೋವು, ರಕ್ತ ಕಾರುವುದು ಇವುಗಳಲ್ಲಿ ಯಾವುದು ಇದೆ, ಎಷ್ಟು ದಿನದಿಂದ ಇದೆ, ಅದರಿಂದ ಚಿಂತೆಯಾಗಿದೆಯೇ, ಅದಕ್ಕೆ ಏನು ಮಾಡಿದರು ಎಂದು ವಿಚಾರಿಸಿದರು.

ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಶೇ 95ರಷ್ಟು ಜನಕ್ಕೆ ತಮ್ಮ ಲಕ್ಷಣಗಳ ಅರಿವಿತ್ತು. ಶೇ 72ರಷ್ಟು ಜನ ಅದರ ಬಗ್ಗೆ ಚಿಂತಿಸಿದ್ದರು. ಅರ್ಧಕ್ಕೆ ತುಸು ಹೆಚ್ಚು ಮಂದಿ ಆಗಲೇ ಚಿಕಿತ್ಸೆಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಹೋಲಿಕೆ ಗುಂಪಿನಲ್ಲಿ ಈ ಲಕ್ಷಣಗಳ ಪ್ರಮಾಣ ಕಡಿಮೆಯಿತ್ತು. ರೋಗಿಗಳ ಎಲ್ಲ ಲಕ್ಷಣಗಳಲ್ಲೂ ಕೆಮ್ಮೇ ಮುಂದಿತ್ತು. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಪ್ರಕಟವಾದ ಈ ಅಧ್ಯಯನ, ಹಳ್ಳಿಗರನ್ನು ಕುರಿತ ತಜ್ಞರ ಗ್ರಹಿಕೆಯನ್ನೇ ಬುಡಮೇಲು ಮಾಡಿತು. ರೋಗಿಗಳು ಬರುತ್ತಲೇ ಇದ್ದರು. ಬಂದವರಿಗೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸಿ, ಕಫ ನೋಡದೆ ಇದ್ದದ್ದು ಆರೋಗ್ಯ ವ್ಯವಸ್ಥೆ. ಕೆಮ್ಮುತ್ತಾ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕಷ್ಟು ರೋಗಿಗಳು ಸಿಗುತ್ತಾರೆ ಎಂಬ ತೀರ್ಮಾನ ಇದರಿಂದ ಹೊರಟಿತು. ವರದಿ ಅಚ್ಚಾಗುವ ಮೊದಲೇ, 1962ರಲ್ಲಿ, ಆರಂಭವಾದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಈ ತತ್ತ್ವದ ಮೇಲೆ. ಹೊರರೋಗಿಗಳ ಕಫ ಪರೀಕ್ಷೆಯಿಂದ ಎಷ್ಟು ಪ್ರಕರಣ ಸಿಗಬಹುದು ಎಂದು ಅದೇ ಸಂಸ್ಥೆಯ ಜಿ.ವಿ.ಜೆ. ಬೈಲಿ ಮತ್ತು ಸಂಗಡಿಗರು ಅಳೆದು 1967ರಲ್ಲಿ ವರದಿ ಮಾಡಿದರು. ಎರಡು ವಾರ ಮೀರಿದ ಕೆಮ್ಮು ಅವರ ಮುಖ್ಯ ಅಳತೆಗೋಲು.

ಬೆಂಗಳೂರು ಜಿಲ್ಲೆಯ ಐದು ವರ್ಷಗಳ ಅಧ್ಯಯನ

1961ರಿಂದ 1968ರವರೆಗೆ ಸಂಸ್ಥೆಯ ತಂಡಗಳು ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳಿಗೆ ನಾಲ್ಕು ಸಲ ಹೋದವು. ಮೊದಲ ಭೇಟಿಯಾದ ಮೇಲೆ ಒಂದೂವರೆ ವರ್ಷಕ್ಕೆ, ಮೂರು ವರ್ಷಕ್ಕೆ, ಐದು ವರ್ಷಕ್ಕೆ ಅದೇ ಜನರನ್ನು ಮತ್ತೆ ನೋಡಲಾಯಿತು. ಜನಸಂಖ್ಯೆ ಸುಮಾರು 65,000. ಪ್ರತಿ ಸುತ್ತಿನಲ್ಲೂ ಟ್ಯುಬರ್‌ಕ್ಯುಲಿನ್ ಚುಚ್ಚಿ ಸೋಂಕು ತಗುಲಿದೆಯೇ ಎಂದು ನೋಡುವ ಪರೀಕ್ಷೆ, ಎಕ್ಸ್-ರೇ ಮತ್ತು ಕಫ ಪರೀಕ್ಷೆ.

ವಯಸ್ಸು ಏರಿದಂತೆ ರೋಗದ ಪ್ರಮಾಣವೂ ಏರುತ್ತಿತ್ತು, ಗಂಡಸರಲ್ಲಿ ಹೆಂಗಸರಿಗಿಂತ ಹೆಚ್ಚಿತ್ತು. ಆಸ್ಪತ್ರೆಯ ರಿಜಿಸ್ಟರುಗಳಲ್ಲಿ ಗಂಡಸರ ಸಂಖ್ಯೆ ಹೆಚ್ಚಿದ್ದರೆ, ಹೆಂಗಸರು ಆಸ್ಪತ್ರೆಗೆ ಬರುವುದು ಕಡಿಮೆ ಎಂದು ಅದನ್ನು ವಿವರಿಸಬಹುದು. ಆದರೆ ಇಲ್ಲಿ ತಂಡವೇ ಮನೆಬಾಗಿಲಿಗೆ ಹೋಗಿತ್ತು. ಅಲ್ಲೂ ಅಂತರ ಉಳಿದದ್ದರಿಂದ, ಅದನ್ನು ಆಸ್ಪತ್ರೆಗೆ ಬಾರದಿರುವಿಕೆಯ ಮೇಲೆ ಪೂರ್ತಿಯಾಗಿ ಹೊರಿಸಲಾಗದು ಎಂಬುದು ಸ್ಪಷ್ಟವಾಯಿತು.

ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡಿದ್ದ 126 ಮಂದಿಯನ್ನು ಐದು ವರ್ಷ ಹಿಂಬಾಲಿಸಿದಾಗ 62 ಮಂದಿ ತೀರಿಕೊಂಡಿದ್ದರು, 41 ಮಂದಿಯ ಕಫದಲ್ಲಿ ಕ್ರಿಮಿ ಇಲ್ಲವಾಗಿತ್ತು, 23 ಮಂದಿ ಇನ್ನೂ ಕ್ರಿಮಿ ಹೊರಹಾಕುತ್ತಿದ್ದರು. ಶೇ 49.2, 32.5 ಮತ್ತು 18.3. ಸಂಘಟಿತ ಚಿಕಿತ್ಸೆ ತಲುಪದ ಊರಿನಲ್ಲಿ ಕ್ಷಯದ ಗತಿ ಹೇಗಿರುತ್ತದೆ ಎಂಬುದಕ್ಕೆ ಜಗತ್ತಿನ ಪಠ್ಯಗಳು ಇಂದಿಗೂ ಉಲ್ಲೇಖಿಸುವ ಅಂಕಿಗಳಿವು. ಮದ್ದು ಇರುವ ರೋಗವನ್ನು ಬರಿದೆ ನೋಡುತ್ತಾ ಕೂರುವ ಇಂಥ ಅಧ್ಯಯನಕ್ಕೆ ಈಗಿನ ಸಂಶೋಧನಾ ನೀತಿಸಂಹಿತೆಯಲ್ಲಿ ಅವಕಾಶವಿಲ್ಲ; ಅವಕಾಶ ಇರಲೂಬಾರದು. ಆ 62 ಮಂದಿಯ ಸಾವನ್ನು ಅಂಕಿಯಾಗಿ ಓದುವಾಗ ಅವರು ಅದೇ ಹಳ್ಳಿಗಳ ರೈತರು, ಕೂಲಿಯವರು, ಮನೆಯ ಹಿರಿಯರು ಎಂಬುದನ್ನು ಮರೆಯುವಂತಿಲ್ಲ.

ರಚನೆ

ಹೋಲಿಕೆಯೊಂದು ನಿಲ್ಲಬೇಕಾದರೆ ಮೊದಲು ಗುಂಪುಗಳ ಗಡಿ ಖಚಿತವಾಗಬೇಕು. ‘ಕ್ಷಯರೋಗಿಗಳು’ ಎಂದಷ್ಟೇ ಹೇಳಿದರೆ ಸಾಲದು. ಕಫದಲ್ಲಿ ಕ್ರಿಮಿ ಕಂಡವರೋ, ಎಕ್ಸ್-ರೇ ನೋಡಿ ಹೇಳಿದ್ದೋ, ಔಷಧ ಶುರುವಾದವರೆಲ್ಲರೋ ತಿಳಿಯಬೇಕು. ಕುರುಹಿನ ವ್ಯಾಖ್ಯೆಯೂ ಅಷ್ಟೇ ಮುಖ್ಯ. ‘ಕೆಮ್ಮು ಇದೆಯೇ’ ಎಂದು ಕೇಳಿದರೆ ಒಂದು ಉತ್ತರ, ‘ಎರಡು ವಾರದಿಂದ ಬಿಡದ ಕೆಮ್ಮು ಇದೆಯೇ’ ಎಂದರೆ ಇನ್ನೊಂದು. ಬೀಡಿ ಸೇದುವವರು ಬೆಳಗಿನ ಕೆಮ್ಮನ್ನು ಕೆಮ್ಮೆಂದೇ ಲೆಕ್ಕಿಸುವುದಿಲ್ಲ. ಟ್ಯುಬರ್‌ಕ್ಯುಲಿನ್ ಪರೀಕ್ಷೆಯಲ್ಲಿ ಮುಂಗೈಯಲ್ಲಿ ಚುಚ್ಚಿದ ಜಾಗದ ಗಡಸನ್ನು ಎರಡು ಮೂರು ದಿನದ ಮೇಲೆ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. 10 ಮಿಲಿಮೀಟರಿಗೆ ಗೆರೆ ಎಳೆದರೆ ಸೋಂಕಿತರ ಪ್ರಮಾಣ ಒಂದು, 14ಕ್ಕೆ ಎಳೆದರೆ ಮತ್ತೊಂದು. ದಕ್ಷಿಣ ಭಾರತದ ಮಣ್ಣು ನೀರಿನಲ್ಲಿರುವ ಕ್ಷಯೇತರ ಮೈಕೋಬ್ಯಾಕ್ಟೀರಿಯಾಗಳೂ ಚಿಕ್ಕ ಗಡಸನ್ನು ಉಂಟುಮಾಡುವುದರಿಂದ ಈ ಗೆರೆಯ ಚರ್ಚೆ ಬಹುಕಾಲ ನಡೆಯಿತು.

ಗುಂಪುಗಳ ನಡುವೆ ವಯಸ್ಸು, ಲಿಂಗ, ಊರು ಮೊದಲಾದ ವ್ಯತ್ಯಾಸಗಳಿದ್ದರೆ ಅವು ಗೊಂದಲಕಾರಕಗಳಾಗುತ್ತವೆ. ಮುದುಕರೇ ತುಂಬಿದ ಗುಂಪಿನಲ್ಲಿ ದಮ್ಮು ಹೆಚ್ಚು ಕಂಡರೆ ಅದು ಕಾಯಿಲೆಯದೋ ವಯಸ್ಸಿನದೋ ಹೇಳಲಾಗದು. ಇದಕ್ಕೆ ಪರಿಹಾರ ಎರಡು: ಆರಿಸುವಾಗಲೇ ಅದೇ ಊರಿನ, ಅದೇ ವಯೋಮಾನದ, ಅದೇ ಲಿಂಗದವರನ್ನು ಜೋಡಿಸುವುದು, ಇಲ್ಲವೇ ಎಣಿಕೆಯಾದ ಮೇಲೆ ವಯೋಗುಂಪುವಾರು ದರ ತೆಗೆದು, ಒಂದೇ ಮಾದರಿ ಜನಸಂಖ್ಯೆಗೆ ಹೊಂದಿಸುವುದು.

ಕೊನೆಗೆ ಸಂಖ್ಯೆಯ ಗಾತ್ರ. ಮೇಲೆ ಹೇಳಿದ 126 ಮಂದಿಯ ಉದಾಹರಣೆಯನ್ನೇ ತೆಗೆದುಕೊಂಡರೆ, ಸಾವಿನ ಪ್ರಮಾಣ ಶೇ 49.2 ಎಂಬುದು ದಶಮಾಂಶದವರೆಗೆ ನಿಖರವಾಗಿ ಕಾಣುತ್ತದೆ. ಆದರೆ ಅದರ ಶೇ 95ರ ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಎಲ್ಲೆ, ಸುಮಾರು ಶೇ 40ರಿಂದ 58. ಇನ್ನೊಂದು ಜಿಲ್ಲೆಯಲ್ಲಿ ಇಷ್ಟೇ ರೋಗಿಗಳನ್ನು ನೋಡಿ ಶೇ 43 ಎಂದು ಬಂದರೆ, ಅಲ್ಲಿ ಸಾವು ಕಡಿಮೆ ಎಂದು ಹೇಳುವ ಅಧಿಕಾರ ಈ ಅಂಕಿಗಳಿಗಿಲ್ಲ.

ಲೆಕ್ಕದ ಒಂದು ಉದಾಹರಣೆ

ರೋಗಿಗಳಲ್ಲಿ ಒಂದು ಲಕ್ಷಣದ ಪ್ರಮಾಣ ಹೆಚ್ಚಿದ್ದ ಮಾತ್ರಕ್ಕೆ, ಆ ಲಕ್ಷಣ ಇರುವವರೆಲ್ಲ ರೋಗಿಗಳಾಗಿರುವುದಿಲ್ಲ. ಈ ಎರಡರ ನಡುವಿನ ಅಂತರವನ್ನು ತಿಳಿಯದೆ ಆಗುವ ತಪ್ಪುಗಳು ಆಸ್ಪತ್ರೆಗಳಲ್ಲೂ ಪತ್ರಿಕೆಗಳಲ್ಲೂ ಬಹಳ.

ಒಂದು ಲಕ್ಷ ವಯಸ್ಕರಿರುವ ಪ್ರದೇಶವನ್ನು ಊಹಿಸಿಕೊಳ್ಳೋಣ. ಸಾವಿರಕ್ಕೆ 4ರಂತೆ ಕಫದಲ್ಲಿ ಕ್ರಿಮಿ ಇರುವವರು 400. ಅವರಲ್ಲಿ ಶೇ 95, ಅಂದರೆ 380 ಮಂದಿಗೆ ಲಕ್ಷಣವಿದೆ. ಉಳಿದ 99,600 ಮಂದಿಯಲ್ಲಿ ಲಕ್ಷಣದ ಪ್ರಮಾಣ ಬರೀ ಶೇ 5 ಎಂದಿಟ್ಟುಕೊಂಡರೂ 4,980 ಮಂದಿಯಾಗುತ್ತದೆ. ಲಕ್ಷಣ ಇರುವವರು ಒಟ್ಟು 5,360. ಅವರಲ್ಲಿ ಕ್ರಿಮಿ ಇರುವವರು 380, ಅಂದರೆ ನೂರಕ್ಕೆ ಸುಮಾರು 7. ಎರಡು ಗುಂಪುಗಳ ನಡುವೆ 95ಕ್ಕೆ 5ರ ಅಂತರವಿದ್ದರೂ, ಲಕ್ಷಣ ಇರುವ ನೂರು ಜನರಲ್ಲಿ 93 ಮಂದಿಯ ಕಫದಲ್ಲಿ ಕ್ರಿಮಿಯಿಲ್ಲ. ಆದರೂ ಈ ಜರಡಿ ವ್ಯರ್ಥವಲ್ಲ: ಒಂದು ಲಕ್ಷ ಜನರ ಬದಲು 5,360 ಜನರ ಕಫ ನೋಡಿದರೆ 400ರಲ್ಲಿ 380 ರೋಗಿಗಳು ಸಿಗುತ್ತಾರೆ. ರೋಗಿಗಳಲ್ಲಿ ಕುರುಹು ಕಾಣುವ ಪ್ರಮಾಣಕ್ಕೆ ಸಂವೇದನಾಶೀಲತೆ, ರೋಗವಿಲ್ಲದವರಲ್ಲಿ ಕುರುಹು ಕಾಣದಿರುವ ಪ್ರಮಾಣಕ್ಕೆ ನಿರ್ದಿಷ್ಟತೆ, ಕುರುಹು ಇರುವವರಲ್ಲಿ ನಿಜವಾದ ರೋಗಿಗಳ ಪ್ರಮಾಣಕ್ಕೆ ಸೂಚಕ ಮೌಲ್ಯ ಎಂದು ಹೆಸರು. ಮೊದಲೆರಡು ಕುರುಹಿನ ಗುಣಗಳು. ಮೂರನೆಯದು ಊರಲ್ಲಿ ರೋಗ ಎಷ್ಟಿದೆ ಎಂಬುದರ ಮೇಲೆ ಏರಿಳಿಯುತ್ತದೆ. ಕಾಯಿಲೆ ಕಡಿಮೆಯಾಗುತ್ತಾ ಹೋದಂತೆ ಅದೇ ಕೆಮ್ಮು ದುರ್ಬಲ ಸುಳಿವಾಗುತ್ತಾ ಹೋಗುತ್ತದೆ.

ವಿಧಗಳು

ರೋಗ ಇರುವವರು ಮತ್ತು ಇಲ್ಲದವರ ಹೋಲಿಕೆ ಮೊದಲ ಬಗೆ. ತುಮಕೂರಿನ ಅಧ್ಯಯನ ಈ ಜಾತಿಯದು. ಒಂದೇ ರೋಗದ ಬೇರೆ ಬೇರೆ ರೋಗಿಗುಂಪುಗಳನ್ನು ಹೋಲಿಸುವುದು ಎರಡನೆಯದು. ಕ್ಷಯದಲ್ಲೇ ಇದಕ್ಕೆ ಸಾಕಷ್ಟು ನಿದರ್ಶನಗಳಿವೆ. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಶ್ವಾಸಕೋಶದ ಕುಳಿಗಳು ಕಡಿಮೆ ಕಾಣುತ್ತವೆ, ಕಫದಲ್ಲಿ ಕ್ರಿಮಿ ಸಿಗುವುದೂ ಕಡಿಮೆ, ಶ್ವಾಸಕೋಶದ ಆಚೆಯ ಕ್ಷಯ ಹೆಚ್ಚು. ಚಿಕ್ಕ ಮಕ್ಕಳು ಕಫವನ್ನು ಉಗುಳದೆ ನುಂಗಿಬಿಡುತ್ತಾರೆ. ಅವರಲ್ಲಿ ತೂಕ ಏರದಿರುವುದು, ಗಂಟುಗಳ ಊತ ಮುಖ್ಯವಾಗುತ್ತವೆ. ವಯಸ್ಸಾದವರಲ್ಲಿ ಜ್ವರ ಮತ್ತು ರಕ್ತ ಕಾರುವುದು ಅಷ್ಟಾಗಿ ಇರುವುದಿಲ್ಲ. ಸುಸ್ತು, ತೂಕ ಇಳಿಕೆಯಂಥ ಎಲ್ಲ ಮುಪ್ಪಿಗೂ ಹೊಂದುವ ಕುರುಹುಗಳು ರೋಗವನ್ನು ಮರೆಮಾಚುತ್ತವೆ.

ಸೇವಿಸಿದ ಅಥವಾ ಒಡ್ಡಿಕೊಂಡ ವಸ್ತುವಿನ ಆಧಾರದ ಮೇಲೆ ಗುಂಪು ಮಾಡುವುದು ಮೂರನೆಯ ಬಗೆ. ಪಾವಗಡ, ಮುಂಡರಗಿಯಂಥ ಫ್ಲೋರೈಡ್ ನೀರಿನ ಸೀಮೆಗಳಲ್ಲಿ ಹಲ್ಲಿನ ಕಂದುಕಲೆಯ ಪ್ರಮಾಣವನ್ನು ಕುಡಿಯುವ ನೀರಿನ ಫ್ಲೋರೈಡ್ ಮಟ್ಟದ ಜೊತೆ ಹೋಲಿಸುತ್ತಾರೆ. ಇಲ್ಲಿ ಗುಂಪು ಮಾಡುವಾಗ ಒಂದು ಎಚ್ಚರ ಬೇಕು. ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಕುಡಿದ ನೀರು ಮಾತ್ರ ಹಲ್ಲಿನ ಮೇಲೆ ಕಲೆ ಬಿಡುತ್ತದೆ. ಬೇರೆ ಸೀಮೆಯಿಂದ ಮದುವೆಯಾಗಿ ಬಂದ ಸೊಸೆಯರ ಹಲ್ಲು ಬೆಳ್ಳಗಿದ್ದೂ, ವರ್ಷಗಟ್ಟಲೆ ಅದೇ ನೀರು ಕುಡಿದು ಅವರ ಮೂಳೆ ಕೀಲುಗಳು ಬಿಗಿದಿರಬಹುದು. ಊರವರನ್ನೆಲ್ಲ ಒಂದೇ ಗುಂಪಾಗಿ ಎಣಿಸಿದರೆ ಈ ಸತ್ಯ ಅಡಗಿಹೋಗುತ್ತದೆ.

ಕುಟುಂಬಗಳ ನಡುವಿನ ಹೋಲಿಕೆ ಇನ್ನೊಂದು ಬಗೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಸೊಂಟ, ಮಂಡಿಗಳ ನೋವು ಮತ್ತು ವಿಕಾರದ ಕಾಯಿಲೆಗೆ ಗದ್ದೆಗೆ ಹೊಡೆದ ಕೀಟನಾಶಕ, ಅಲ್ಲಿನ ಏಡಿ ಮೀನುಗಳ ಸೇವನೆ ಕಾರಣ ಎಂಬ ಶಂಕೆ ಮೊದಲು ಇತ್ತು. ಪೀಡಿತ ಮನೆತನಗಳ ವಂಶಾವಳಿಯನ್ನು ನೋಡಿದಾಗ ರೋಗ ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ಕ್ರಮ ಕಂಡು, ಆನುವಂಶಿಕತೆಯತ್ತ ಗಮನ ಹೊರಳಿತು. ಆ ಕುಟುಂಬಗಳ ಬಹುಪಾಲು ಜನ ಭೂಮಿಯಿಲ್ಲದ ಕೂಲಿಕಾರರು. ಕಾಯಿಲೆಯ ಮೂಲದ ಸುಳಿವು ಸಿಕ್ಕ ಮೇಲೂ ಅವರ ನೋವಿಗೆ ಸಿಕ್ಕ ಪರಿಹಾರ ಅಲ್ಪ.

ಕಾಲದ ಹೋಲಿಕೆ, ಅಂದರೆ ಒಂದೇ ಊರಿನ ಅಂದಿನ ಮತ್ತು ಇಂದಿನ ದರಗಳ ಹೋಲಿಕೆ, ಐದನೆಯ ಬಗೆ.

ದೋಷಗಳು

ಆಸ್ಪತ್ರೆಯ ರೋಗಿಗಳು ಊರಿನ ರೋಗಿಗಳ ಪ್ರತಿನಿಧಿಗಳಲ್ಲ. 1946ರಲ್ಲಿ ಜೋಸೆಫ್ ಬರ್ಕ್‌ಸನ್ ಇದನ್ನು ಗಣಿತದ ಮೂಲಕ ತೋರಿಸಿದರು. ಎರಡು ಕಾಯಿಲೆ ಇರುವವರು ಒಂದೇ ಕಾಯಿಲೆ ಇರುವವರಿಗಿಂತ ಹೆಚ್ಚಾಗಿ ಆಸ್ಪತ್ರೆ ಸೇರುವುದರಿಂದ, ನಂಟೇ ಇಲ್ಲದ ಎರಡು ಕಾಯಿಲೆಗಳ ನಡುವೆ ಆಸ್ಪತ್ರೆಯ ದಾಖಲೆಗಳಲ್ಲಿ ನಂಟು ಕಂಡುಬಿಡುತ್ತದೆ. ಯಶವಂತಪುರ, ಹೆಬ್ಬಾಳದ ದೊಡ್ಡ ಆಸ್ಪತ್ರೆಗಳಿಗೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯಿಂದ ರೋಗಿಗಳು ಬರುವುದು ಸ್ಥಳೀಯ ಚಿಕಿತ್ಸೆ ಫಲಿಸದಾಗ. ಅಂಥ ವಾರ್ಡಿನಲ್ಲಿ ಉಲ್ಬಣಗೊಂಡ ಕುರುಹುಗಳ ಪ್ರಮಾಣ ಸಹಜವಾಗಿಯೇ ಹೆಚ್ಚು. ಆರ್.ಟಿ. ನಗರದ ಗಲ್ಲಿಯ ಕ್ಲಿನಿಕ್ಕಿನಲ್ಲಿ ಅದೇ ಕಾಯಿಲೆ ಮೆತ್ತಗೆ ಕಾಣುತ್ತದೆ. ಎರಡೂ ಕಡೆಯ ವೈದ್ಯರು ತಾವು ನೋಡಿದ್ದನ್ನೇ ಹೇಳುತ್ತಾರೆ. ಅವರು ನೋಡಿದ ಗುಂಪುಗಳು ಬೇರೆ.

ಕೆಲಸಗಾರರ ಅಧ್ಯಯನಗಳಲ್ಲಿ ಇದರ ತಲೆಕೆಳಗಾದ ರೂಪವಿದೆ. ಬೆಟ್ಟಹಲಸೂರು ಸೀಮೆಯಂಥ ಕಲ್ಲುಕ್ವಾರಿಗಳಲ್ಲಿ ಸಿಲಿಕಾ ಧೂಳಿನಿಂದ ಶ್ವಾಸಕೋಶ ಕೆಟ್ಟವರು ಕೆಲಸ ಬಿಟ್ಟು ಮನೆಗೆ ಹೋಗಿಬಿಡುತ್ತಾರೆ. ಕ್ವಾರಿಗೇ ಹೋಗಿ ಇದ್ದವರನ್ನು ಪರೀಕ್ಷಿಸಿದರೆ, ದುಡಿಯುವ ಶಕ್ತಿ ಉಳಿದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ, ಕಾಯಿಲೆಯ ಪ್ರಮಾಣ ಸುಳ್ಳಾಗಿ ಇಳಿಯುತ್ತದೆ. ಇದಕ್ಕೆ ಆರೋಗ್ಯವಂತ ಕೆಲಸಗಾರ ಪರಿಣಾಮ ಎಂದು ಹೆಸರು. ನೋಡುವವರ ಕಣ್ಣಿನ ವ್ಯತ್ಯಾಸವೂ ಒಂದು ದೋಷ. ಒಂದೇ ಎಕ್ಸ್-ರೇಯನ್ನು ಇಬ್ಬರು ತಜ್ಞರು ಬೇರೆ ಬೇರೆಯಾಗಿ ಓದುವುದುಂಟು. ಒಬ್ಬರೇ ಎರಡು ಸಲ ಓದಿದಾಗಲೂ ಉತ್ತರ ಬದಲಾಗುವುದುಂಟು. ಆದ್ದರಿಂದ ಕ್ಷಯ ಸಮೀಕ್ಷೆಗಳಲ್ಲಿ ಚಿತ್ರಗಳನ್ನು ಒಬ್ಬರಿಗಿಂತ ಹೆಚ್ಚು ಮಂದಿ, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ತಿಳಿಯದಂತೆ, ಓದುವ ಪದ್ಧತಿ ಬಂತು.

ಉಪಯೋಗಗಳು

ಯಾರ ಕಫ ಪರೀಕ್ಷಿಸಬೇಕು ಎಂಬ ನಿಯಮವೇ ಈ ವಿಧಾನದ ದೊಡ್ಡ ಪ್ರಯೋಜನ. 1997ರಿಂದ ದೇಶಾದ್ಯಂತ ವಿಸ್ತರಿಸಿದ ಪರಿಷ್ಕೃತ ಕ್ಷಯ ನಿಯಂತ್ರಣ ಕಾರ್ಯಕ್ರಮ ಮೂರು ವಾರದ ಕೆಮ್ಮನ್ನು ಗೆರೆಯಾಗಿ ಇಟ್ಟುಕೊಂಡಿತ್ತು. ಎರಡು ವಾರದವರನ್ನೂ ಮೂರು ವಾರದವರನ್ನೂ ಹೋಲಿಸಿ ನೋಡಿದಾಗ, ಎರಡು ವಾರಕ್ಕೇ ಪರೀಕ್ಷಿಸಿದರೆ ಹೆಚ್ಚು ರೋಗಿಗಳು ಸಿಗುತ್ತಾರೆ ಎಂದು ಕಂಡು 2009ರಲ್ಲಿ ಗೆರೆಯನ್ನು ಎರಡು ವಾರಕ್ಕೆ ತರಲಾಯಿತು. ಯಲಹಂಕದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆ ಇಂದು ಕೇಳುವ ‘ಎರಡು ವಾರದಿಂದ ಕೆಮ್ಮು ಇದೆಯಾ’ ಎಂಬ ಪ್ರಶ್ನೆಯ ಹಿಂದೆ ಇಷ್ಟು ಎಣಿಕೆಯಿದೆ.

ಕ್ಯಾನ್ಸರ್ ನೋಂದಣಿ ಇದರ ಇನ್ನೊಂದು ಕ್ಷೇತ್ರ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ 1982ರಲ್ಲಿ ಬೆಂಗಳೂರು, ಮುಂಬಯಿ, ಚೆನ್ನೈಗಳಲ್ಲಿ ಜನಸಂಖ್ಯಾಧಾರಿತ ನೋಂದಣಿ ಆರಂಭವಾಯಿತು. ಬೆಂಗಳೂರಿನದನ್ನು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಡೆಸುತ್ತದೆ. ಆರಂಭದಲ್ಲಿ ಇಲ್ಲಿನ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಕಾಲಕ್ರಮದಲ್ಲಿ ಸ್ತನ ಕ್ಯಾನ್ಸರ್ ಅದನ್ನು ದಾಟಿತು. ಈ ಕಾರ್ಯಕ್ರಮವನ್ನು ನಡೆಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ ಇರುವುದು ಇದೇ ಬಳ್ಳಾರಿ ರಸ್ತೆಯ ಇನ್ನೊಂದು ತುದಿಯಲ್ಲಿ, ದೇವನಹಳ್ಳಿಯ ಕಡೆಯ ಕನ್ನಮಂಗಲದ ಬಳಿ. ಊರೂರಿನ ಜನರ ವಯಸ್ಸಿನ ಹಂಚಿಕೆ ಬೇರೆ ಬೇರೆಯಾದ್ದರಿಂದ ನೋಂದಣಿಯ ದರಗಳನ್ನು ವಯಸ್ಸಿಗೆ ಹೊಂದಿಸಿ ಪ್ರಕಟಿಸುತ್ತಾರೆ.

ಪ್ರಾಣಿಗಳ ರೋಗಕ್ಕೂ ವಿಧಾನ ಇದೇ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ನಿವೇದಿ, ಅಂದರೆ ಪಶುರೋಗಗಳ ಹರಡುವಿಕೆ ಮತ್ತು ಮಾಹಿತಿಯ ರಾಷ್ಟ್ರೀಯ ಸಂಸ್ಥೆ, ದೇಶದ ವಿವಿಧೆಡೆಯಿಂದ ಬರುವ ದನ, ಎಮ್ಮೆ, ಕುರಿ, ಮೇಕೆಗಳ ಸೀರಂ ಮಾದರಿಗಳನ್ನು ಪರೀಕ್ಷಿಸಿ ಬ್ರೂಸೆಲ್ಲಾ ಮೊದಲಾದ ಸೋಂಕುಗಳ ಪ್ರಮಾಣವನ್ನು ಅಳೆಯುತ್ತದೆ. ಹಸು ಕಂದು ಹಾಕುವಂತೆ ಮಾಡುವ ಬ್ರೂಸೆಲ್ಲಾ ಸೋಂಕು ಹಸಿಹಾಲಿನ ಮೂಲಕ, ಹೆರಿಗೆ ಮಾಡಿಸುವ ಕೈಗಳ ಮೂಲಕ ಮನುಷ್ಯರಿಗೂ ಬರುವುದರಿಂದ, ಪಶುವೈದ್ಯರು ಮತ್ತು ದನ ಸಾಕುವವರನ್ನು ಬೇರೆ ಗುಂಪಾಗಿ ಎಣಿಸುವ ರೂಢಿಯಿದೆ.

ಈಗಿನ ಸ್ಥಿತಿ

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ 15 ವರ್ಷ ತುಂಬಿದವರಲ್ಲಿ ಪ್ರಯೋಗಾಲಯದಲ್ಲಿ ಖಚಿತವಾದ ಶ್ವಾಸಕೋಶದ ಕ್ಷಯದ ಪ್ರಮಾಣ ಲಕ್ಷಕ್ಕೆ 316 ಎಂದು ಕಂಡಿತು. ಸಮೀಕ್ಷೆಯ ಎರಡು ಅಂಕಿಗಳು ತುಮಕೂರಿನ ಅಧ್ಯಯನಕ್ಕೆ ಎದುರುಬದುರಾಗಿ ನಿಲ್ಲುತ್ತವೆ. ಎದೆಯ ಎಕ್ಸ್-ರೇ ಇಲ್ಲದೆ ಲಕ್ಷಣಗಳನ್ನಷ್ಟೇ ಕೇಳಿದ್ದರೆ ಶೇ 42.6ರಷ್ಟು ರೋಗಿಗಳು ತಪ್ಪಿಹೋಗುತ್ತಿದ್ದರು ಎಂಬುದು ಒಂದು. ಲಕ್ಷಣ ಇದ್ದವರಲ್ಲಿ ಹೆಚ್ಚುಕಡಿಮೆ ಶೇ 64ರಷ್ಟು ಜನ ಚಿಕಿತ್ಸೆ ಅರಸಿ ಎಲ್ಲೂ ಹೋಗಿರಲಿಲ್ಲ ಎಂಬುದು ಇನ್ನೊಂದು.

ಅಂದು ಶೇ 95ರಷ್ಟು ರೋಗಿಗಳಿಗೆ ಲಕ್ಷಣವಿತ್ತು, ಇಂದು ಅರ್ಧದ ಸಮೀಪಕ್ಕೆ ಇಳಿದಿದೆ ಎಂದು ಈ ಅಂಕಿಗಳನ್ನು ನೇರವಾಗಿ ಓದುವಂತಿಲ್ಲ. ತುಮಕೂರಿನ 95 ಎಂಬುದು ಕಫದಲ್ಲಿ ಕ್ರಿಮಿ ಕಂಡವರೊಡನೆ ಮನೆಯಲ್ಲಿ ಕುಳಿತು ವಿವರವಾಗಿ ಮಾತನಾಡಿ ಪಡೆದದ್ದು. ಹೊಸ ಸಮೀಕ್ಷೆ ನಿಗದಿತ ಲಕ್ಷಣಗಳ ಪಟ್ಟಿಯನ್ನು ಲಕ್ಷಾಂತರ ಜನರ ಮುಂದಿಟ್ಟದ್ದು. ಅದರ ಪ್ರಯೋಗಾಲಯ ಕಡಿಮೆ ಕ್ರಿಮಿಯಿರುವ, ಆರಂಭದ ಹಂತದ ರೋಗವನ್ನೂ ವಂಶವಾಹಿ ಪರೀಕ್ಷೆ ಮತ್ತು ಕ್ರಿಮಿ ಬೆಳೆಸಿ ನೋಡುವ ಕಲ್ಚರಿನಿಂದ ಹಿಡಿಯಬಲ್ಲದು. ಅಂಥ ರೋಗಿಗಳಿಗೆ ಇನ್ನೂ ಕೆಮ್ಮು ಶುರುವಾಗಿರದೆ ಇರುವುದು ಸಹಜ. ಚಿಕಿತ್ಸೆ ಅರಸದವರ ಅಂಕಿಯ ಕಥೆಯೂ ಹೀಗೆಯೇ. 1963ರ ವರದಿಯ ‘ಅರ್ಧಕ್ಕೆ ತುಸು ಹೆಚ್ಚು’ ಎಂಬ ಅಂಕಿ ಕಫದಲ್ಲಿ ಕ್ರಿಮಿಯಿದ್ದ ರೋಗಿಗಳದು. ಈಗಿನ ಶೇ 64 ಲಕ್ಷಣ ಇದ್ದ ಎಲ್ಲರದು, ಅವರಲ್ಲಿ ಹೆಚ್ಚಿನವರಿಗೆ ಕ್ಷಯವೇ ಇರಲಿಲ್ಲ. ಎರಡೂ ಅಧ್ಯಯನಗಳು ತಮ್ಮ ತಮ್ಮ ಗುಂಪಿನ ಮಟ್ಟಿಗೆ ಸರಿಯಾಗಿಯೇ ಇವೆ.

ನೀತಿ ಮಾತ್ರ ಬದಲಾಗಿದೆ. 2020ರಲ್ಲಿ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮ ಎಂದು ಹೆಸರು ಪಡೆದ ಯೋಜನೆ, ಆಸ್ಪತ್ರೆಗೆ ಬಂದವರ ಕಫ ನೋಡುವುದರ ಜೊತೆಗೆ ಜನರ ಬಳಿಗೇ ಹೋಗುವುದನ್ನೂ ಕೈಗೆತ್ತಿಕೊಂಡಿದೆ. 2024ರ ಡಿಸೆಂಬರ್ 7ರಂದು ಆರಂಭವಾದ ನೂರು ದಿನಗಳ ಅಭಿಯಾನದಲ್ಲಿ ಸಕ್ಕರೆ ಕಾಯಿಲೆಯವರು, ಎಚ್‌ಐವಿ ಸೋಂಕಿತರು, ವಯಸ್ಸಾದವರು, ತೂಕ ಕಡಿಮೆ ಇರುವವರು, ಹಿಂದೆ ಕ್ಷಯ ಬಂದಿದ್ದವರು ಮತ್ತು ರೋಗಿಯ ಮನೆಯವರನ್ನು ಗುರುತಿಸಿ, ಕೆಮ್ಮು ಇರಲಿ ಇಲ್ಲದಿರಲಿ, ಸಾಗಿಸಬಲ್ಲ ಯಂತ್ರಗಳಿಂದ ಎದೆಯ ಎಕ್ಸ್-ರೇ ತೆಗೆಯುವ ಕ್ರಮ ಜಾರಿಗೆ ಬಂತು.